ಮುಟ್ಟಿದರೆ ಒಣಗಿದೆ, ಒಳಗೆ ನೀರಿದೆ

ಒಂದು ಟೀ ಚಮಚ ನೀರು ಅಂದರೆ ಸುಮಾರು 5 ಮಿಲಿಲೀಟರ್. ಅದು 100 ಡಿಗ್ರಿಯಲ್ಲಿ ಆವಿಯಾದರೆ 8 ಲೀಟರಿಗಿಂತ ಜಾಸ್ತಿ ಜಾಗ ಬೇಕು. ಕರಗಿದ ಅಲ್ಯೂಮಿನಿಯಂ ಇರುವುದು 700 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ. ಆ ಬಿಸಿಗೆ ಬಂದರೆ ಅದೇ ಆವಿ 22 ಲೀಟರ್ ಆಗುತ್ತದೆ, ಒಂದು ದೊಡ್ಡ ಬಕೆಟ್ಟಿನಷ್ಟು. ನಿಧಾನವಾಗಿ, ತೆರೆದ ಜಾಗದಲ್ಲಿ ಆದರೆ ಯಾರಿಗೂ ತೊಂದರೆ ಇಲ್ಲ. ಹಬೆ ಎದ್ದು ಹೋಗುತ್ತದೆ, ಅಷ್ಟೇ. ಆದರೆ ಆ ಚಮಚ ನೀರು ಕರಗಿದ ಲೋಹದ ಅಡಿಯಲ್ಲಿದ್ದರೆ? ಕಣ್ಣು ಮಿಟುಕಿಸುವುದರೊಳಗೆ ಅದು ಬಕೆಟ್ಟಾಗಿ ಹಿಗ್ಗಿದರೆ, ಮೇಲಿದ್ದ ಲೋಹ ಎಲ್ಲಿಗೆ ಹೋಗಬೇಕು?

ನಿಂತವರ ಮೈಮೇಲೆ ಹೋಗುತ್ತದೆ.

ಎರಕದ ಕೆಲಸ ಮಾಡುವವರಿಗೆ ಇದು ಹೊಸ ವಿಷಯವೇನಲ್ಲ. "ಮೂಸೆ ಹತ್ತಿರ ನೀರು ತರಬೇಡ" ಅನ್ನುವುದು ಕೆಲಸಕ್ಕೆ ಸೇರಿದ ಮೊದಲ ದಿನವೇ ಕಲಿಯುವ ಪಾಠ. ಮೂಸೆ ಅಂದರೆ ಲೋಹ ಕರಗಿಸುವ ಪಾತ್ರೆ. ಹಾಗಿದ್ದೂ ಇಂಥ ಅಪಘಾತ ನಿಂತಿಲ್ಲ. ಯಾಕೆ? ಬಕೆಟ್ ಹಿಡಿದು ಫರ್ನೇಸ್ ಹತ್ತಿರ ಯಾರೂ ಹೋಗುವುದಿಲ್ಲ. ನೀರು ತಾನಾಗಿಯೇ ಹೋಗುತ್ತದೆ. ತುಂಡಿನ ಬಿರುಕಿನಲ್ಲಿ, ಪುಡಿಯ ಹರಳಿನಲ್ಲಿ, ಬಾಯಿ ಮುಚ್ಚಿದ ಪೈಪಿನಲ್ಲಿ ಅಡಗಿ ಒಳಗೆ ಸೇರುತ್ತದೆ. ನೀರು ಇದೆಯೋ ಇಲ್ಲವೋ ಎಂದು ಕೇಳುವುದಕ್ಕಿಂತ, ಆವಿಗೆ ಹೊರಗೆ ಹೋಗಲು ದಾರಿ ಇದೆಯಾ ಎಂದು ಕೇಳುವುದು ಮುಖ್ಯ. ನನ್ನ ಪ್ರಕಾರ ಈ ವಿಷಯದಲ್ಲಿ ನಡೆಯುವ ಹೆಚ್ಚಿನ ತಪ್ಪುಗಳು ಈ ಎರಡು ಪ್ರಶ್ನೆಗಳನ್ನು ಒಂದೇ ಎಂದುಕೊಳ್ಳುವುದರಿಂದ ಆಗುತ್ತವೆ.

ಮೇಲೆ ಬಿದ್ದ ಹನಿ, ಕೆಳಗೆ ಸಿಕ್ಕ ಹನಿ

ಸೀಸ ಕರಗುವುದು 327 ಡಿಗ್ರಿಗೆ. ಕರಗಿದ ಸೀಸದ ಮೇಲೆ ಬೆವರಿನ ಒಂದು ಹನಿ ಬಿದ್ದರೆ ಸಾಮಾನ್ಯವಾಗಿ ಚುರ್ ಎಂದು ಕುಣಿದು ಮಾಯವಾಗುತ್ತದೆ. ಅದೇ ಪಾತ್ರೆಗೆ ತೇವವಿರುವ ಒಂದು ಸೀಸದ ತುಂಡು ಹಾಕಿದರೆ ಅದು ತನ್ನ ಭಾರಕ್ಕೆ ಮುಳುಗುತ್ತದೆ, ತನ್ನ ಜೊತೆ ನೀರನ್ನೂ ಮುಳುಗಿಸುತ್ತದೆ. ಆಗ ಪಾತ್ರೆಯಲ್ಲಿದ್ದದ್ದು ಮೇಲಕ್ಕೆ ಚಿಮ್ಮುತ್ತದೆ. ನೀರು ಅಷ್ಟೇ, ಲೋಹವೂ ಅದೇ. ಬದಲಾಗಿದ್ದು ನೀರು ಇದ್ದ ಜಾಗ ಮಾತ್ರ.

ಮೇಲೆ ಬಿದ್ದ ಹನಿ ಯಾಕೆ ಸುಮ್ಮನೆ ಕುಣಿಯುತ್ತದೆ ಎಂಬುದಕ್ಕೂ ಕಾರಣವಿದೆ. ಚೆನ್ನಾಗಿ ಕಾದ ಕಾವಲಿಯ ಮೇಲೆ ನೀರು ಚಿಮುಕಿಸಿದಾಗ ಹನಿಗಳು ಮಣಿಯ ಹಾಗೆ ಉರುಳಾಡುವುದನ್ನು ಎಲ್ಲರೂ ನೋಡಿರುತ್ತೇವೆ. ಹನಿಯ ಕೆಳಭಾಗ ಮೊದಲು ಆವಿಯಾಗಿ ತೆಳುವಾದ ಹಾಸಿಗೆಯಂತೆ ಹರಡುತ್ತದೆ. ಆ ಆವಿಯ ಹಾಸಿಗೆ ಬಿಸಿಯನ್ನು ತಡೆಯುತ್ತದೆ. ಹಾಗಾಗಿ ಉಳಿದ ನೀರು ನಿಧಾನವಾಗಿ ಆರುತ್ತದೆ. ಜರ್ಮನಿಯ ವೈದ್ಯ ಯೋಹಾನ್ ಗಾಟ್‌ಲೋಬ್ ಲೈಡನ್‌ಫ್ರಾಸ್ಟ್ 1756ರಲ್ಲಿ ಕೆಂಪಗೆ ಕಾದ ಕಬ್ಬಿಣದ ಚಮಚದಲ್ಲಿ ಹನಿ ಬಿಟ್ಟು ಇದನ್ನು ವಿವರವಾಗಿ ಬರೆದಿಟ್ಟ. ಇಂದಿಗೂ ಇದಕ್ಕೆ ಅವನದೇ ಹೆಸರು.

ಈ ಆವಿಯ ಹಾಸಿಗೆ ಎರಕದ ಮನೆಯಲ್ಲಿ ಕಾಪಾಡುವುದೂ ಹೌದು, ಮೋಸ ಮಾಡುವುದೂ ಹೌದು. ಅದು ಇರುವಷ್ಟು ಹೊತ್ತು ನೀರು ಮತ್ತು ಲೋಹ ಒಂದನ್ನೊಂದು ಮುಟ್ಟುವುದಿಲ್ಲ. ಒಂದು ತಳ್ಳು, ಒಂದು ಅಲುಗಾಟ, ತಳಕ್ಕೆ ತಾಗುವ ಒಂದು ಗುದ್ದು ಸಾಕು, ಹಾಸಿಗೆ ಹರಿದುಹೋಗುತ್ತದೆ. ಆಗ ನೀರು ನೇರವಾಗಿ ಲೋಹಕ್ಕೆ ತಾಗಿ ಸಿಡಿಯುತ್ತದೆ. ಆ ಸಿಡಿತಕ್ಕೆ ಸುತ್ತಲಿನ ಲೋಹ ಸಣ್ಣ ಸಣ್ಣ ಹನಿಗಳಾಗಿ ಒಡೆಯುತ್ತದೆ. ಹನಿ ಸಣ್ಣದಾದಷ್ಟೂ ನೀರಿಗೆ ತಾಗುವ ಮೈ ಜಾಸ್ತಿ, ಬಿಸಿ ದಾಟುವ ವೇಗ ಜಾಸ್ತಿ. ಅದರಿಂದ ಇನ್ನಷ್ಟು ನೀರು ಸಿಡಿದು, ಇನ್ನಷ್ಟು ಲೋಹ ಒಡೆಯುತ್ತದೆ. ಇಷ್ಟೂ ಮುಗಿಯಲು ಸೆಕೆಂಡಿನ ಸಾವಿರದ ಒಂದೆರಡು ಪಾಲು ಸಾಕು. ಇದಕ್ಕೆ ಬೆಂಕಿ ಬೇಡ, ಮದ್ದು ಬೇಡ. ಬಿಸಿ ಮತ್ತು ನೀರು ಇದ್ದರಾಯಿತು.

ಇಲ್ಲಿ ಗಮನಿಸಬೇಕಾದ ಒಂದು ಮಾತಿದೆ. ಹಾಸಿಗೆ ಯಾವಾಗ ಹರಿಯುತ್ತದೆ ಎಂದು ಮುಂಚೆಯೇ ಹೇಳಲು ಬರುವುದಿಲ್ಲ. ಒಬ್ಬ ಕೆಲಸಗಾರ ಸ್ವಲ್ಪ ಹಸಿ ಇದ್ದ ತುಂಡನ್ನು ನೂರು ಸಲ ಹಾಕಿರಬಹುದು. ತೊಂಬತ್ತು ಸಲ ಏನೂ ಆಗಿಲ್ಲ, ಹತ್ತು ಸಲ ಚಟಪಟ ಎಂದಿದೆ. "ಇಷ್ಟು ವರ್ಷದಿಂದ ಮಾಡ್ತಿದ್ದೀವಿ, ಏನಾಗಿದೆ?" ಎಂಬ ಮಾತು ಹುಟ್ಟುವುದು ಹೀಗೆ. ಅವನು ಸುಳ್ಳು ಹೇಳುತ್ತಿಲ್ಲ. ಆದರೆ ಆ ನೂರು ಸಲದ ಅನುಭವ ನೂರಾ ಒಂದನೆಯದರ ಬಗ್ಗೆ ಏನನ್ನೂ ಹೇಳುವುದಿಲ್ಲ.

ನೀರಿದ್ದರೂ ಸಿಡಿಯದ ಮರಳು

ಇನ್ನೊಂದು ಒಗಟು ನೋಡಿ. ಪ್ರಪಂಚದಲ್ಲಿ ಕಬ್ಬಿಣದ ಎರಕ ಜಾಸ್ತಿ ನಡೆಯುವುದು ಹಸಿ ಮರಳಿನ ಅಚ್ಚಿನಲ್ಲಿ. ಗ್ರೀನ್ ಸ್ಯಾಂಡ್ ಎಂದು ಕರೆಯುತ್ತಾರೆ. ಅದರ ಬಣ್ಣ ಹಸಿರಲ್ಲ, ಅದು ಹಸಿಯಾಗಿರುತ್ತದೆ, ಅದಕ್ಕೇ ಆ ಹೆಸರು. ಮರಳು, ಜೇಡಿ, ಜೊತೆಗೆ ತೂಕದಲ್ಲಿ 2ರಿಂದ 5 ಶೇಕಡಾ ನೀರು. ಅಂದರೆ 100 ಕಿಲೋ ಮರಳಿನ ಅಚ್ಚಿನಲ್ಲಿ ಕೆಲವು ಲೀಟರ್ ನೀರಿದೆ. ಅದರೊಳಗೆ 1,300 ಡಿಗ್ರಿ ದಾಟಿದ ಕಬ್ಬಿಣವನ್ನು ದಿನವೂ ಸುರಿಯುತ್ತಾರೆ. ಅಚ್ಚು ಸಿಡಿಯುವುದಿಲ್ಲ.

ಒಂದು ಚಮಚ ನೀರು ಆಳನ್ನು ಕೊಲ್ಲಬಲ್ಲದು, ಕೆಲವು ಲೀಟರ್ ನೀರು ಸುಮ್ನೆ ಹಬೆಯಾಡುತ್ತದೆ. ಇದು ಹೇಗೆ? ಮರಳಿನ ಕಣಗಳ ನಡುವೆ ಸಂದುಗಳಿವೆ. ಹುಟ್ಟಿದ ಆವಿ ಆ ಸಂದುಗಳಲ್ಲಿ ನುಗ್ಗಿ ಹೊರಗೆ ಹೋಗುತ್ತದೆ. ಸಾಲದು ಎಂದು ಅಚ್ಚು ಮಾಡುವವರು ತೆಳು ಸರಳಿನಿಂದ ಚುಚ್ಚಿ ಗಾಳಿದಾರಿಗಳನ್ನೂ ಮಾಡುತ್ತಾರೆ. ಮರಳನ್ನು ತೀರಾ ಗಟ್ಟಿಯಾಗಿ ಗುದ್ದಿದರೆ, ನೀರು ಒಂದು ಹಿಡಿ ಜಾಸ್ತಿಯಾದರೆ, ಗಾಳಿದಾರಿ ಮರೆತರೆ ಅದೇ ಅಚ್ಚು ಲೋಹವನ್ನು ವಾಪಸ್ ಉಗುಳುತ್ತದೆ. ಹಳೆಯ ಕೈಗಳು ಮರಳನ್ನು ಮುಷ್ಟಿಯಲ್ಲಿ ಹಿಸುಕಿ, ಮುರಿದು ನೋಡಿ "ಇದು ಆಗಲ್ಲ" ಎನ್ನುವುದು ಈ ಲೆಕ್ಕದ ಮೇಲೆಯೇ.

ಹಾಗಾಗಿ "ತೇವ ಅಪಾಯ" ಎಂದು ಗೋಡೆಗೆ ಬೋರ್ಡ್ ಹಾಕಿದರೆ ಅರ್ಧ ವಿಷಯ ಹೇಳಿದಂತೆ. ದಿನವೂ ಹಸಿ ಮರಳಿನಲ್ಲಿ ಕೆಲಸ ಮಾಡುವವನು ಆ ಬೋರ್ಡನ್ನು ಯಾಕೆ ನಂಬಬೇಕು? ಸಿಕ್ಕಿಕೊಂಡ ತೇವ ಅಪಾಯ ಎಂದು ಹೇಳಿದರೆ ಅವನು ತನ್ನ ಅನುಭವದಿಂದಲೇ ಅದನ್ನು ಒಪ್ಪುತ್ತಾನೆ.

ಅಡಗುವ ಜಾಗಗಳು

ದೊಡ್ಡ ಇಂಗಾಟ್‌ಗಳಿಂದ ಶುರು ಮಾಡೋಣ. ನೂರಾರು ಕಿಲೋ ತೂಗುವ ಅಲ್ಯೂಮಿನಿಯಂ ಗಟ್ಟಿ ಅಚ್ಚಿನಲ್ಲಿ ಆರುವಾಗ ಹೊರಗಡೆ ಮೊದಲು ಗಟ್ಟಿಯಾಗುತ್ತದೆ, ಒಳಗಡೆ ಆಮೇಲೆ. ಲೋಹ ಗಟ್ಟಿಯಾಗುವಾಗ ಕುಗ್ಗುತ್ತದೆ. ಹಾಗಾಗಿ ನಡುವೆ ಪೊಳ್ಳು ಉಳಿಯುತ್ತದೆ, ಮೇಲ್ಮೈಯಿಂದ ಅಲ್ಲಿಗೆ ಕೂದಲಿನಷ್ಟು ಸಣ್ಣ ಬಿರುಕು ಇಳಿಯುತ್ತದೆ. ಅಂಥ ಗಟ್ಟಿಯನ್ನು ಬಯಲಲ್ಲಿ ಪೇರಿಸಿಟ್ಟರೆ ಮಳೆ ನೀರು ಬಿರುಕಿನಲ್ಲಿ ಇಳಿದು ಪೊಳ್ಳಿನಲ್ಲಿ ಕೂರುತ್ತದೆ. ಬಿಸಿಲಿಗೆ ಹೊರಮೈ ಒಂದು ಗಂಟೆಯಲ್ಲಿ ಒಣಗುತ್ತದೆ. ಒಳಗಿನ ನೀರು ವಾರಗಟ್ಟಲೆ ಅಲ್ಲೇ ಇರುತ್ತದೆ. ಕೈಯಿಂದ ಮುಟ್ಟಿ ನೋಡಿದವನಿಗೆ ಅದು ಒಣಗಿದ ಲೋಹ.

ಇದನ್ನು ಕಾಯಿಸಿ ಒಣಗಿಸಬಹುದು. ಆದರೆ ಎಷ್ಟು ಹೊತ್ತು ಎಂಬಲ್ಲಿ ಜನ ಎಡವುತ್ತಾರೆ. ನೀರನ್ನು 20 ಡಿಗ್ರಿಯಿಂದ 100 ಡಿಗ್ರಿಗೆ ತರಲು ಬೇಕಾದ ಶಾಖಕ್ಕಿಂತ, 100 ಡಿಗ್ರಿಯ ನೀರನ್ನು ಆವಿ ಮಾಡಲು 6 ಪಟ್ಟಿಗಿಂತ ಜಾಸ್ತಿ ಶಾಖ ಬೇಕು. ಮೇಲ್ಮೈಯ ತಾಪಮಾನ 100 ದಾಟಿತು ಎಂದರೆ ಒಣಗುವ ಕೆಲಸ ಈಗ ಶುರುವಾಯಿತು ಎಂದರ್ಥ, ಮುಗಿಯಿತು ಎಂದಲ್ಲ. ಗಟ್ಟಿಯ ಒಳಭಾಗ 100 ದಾಟಬೇಕು, ದಾಟಿ ಅಲ್ಲೇ ನಿಲ್ಲಬೇಕು, ಆವಿ ಆ ಕೂದಲು ಬಿರುಕಿನಲ್ಲೇ ಹೊರಗೆ ಬರಬೇಕು. ದೊಡ್ಡ ತುಂಡಿಗೆ ಇದು ಗಂಟೆಗಟ್ಟಲೆ ಹಿಡಿಯುವ ಕೆಲಸ. ಫರ್ನೇಸ್ ಬಾಯಲ್ಲಿ ಹತ್ತು ನಿಮಿಷ ಇಟ್ಟು "ಕಾಯಿಸಿದೆ" ಎಂದು ಒಳಗೆ ತಳ್ಳುವುದು ಕಾಯಿಸದೇ ಹಾಕುವುದಕ್ಕಿಂತ ಕೆಟ್ಟದ್ದು. ಯಾಕೆಂದರೆ ಈಗ ಎಲ್ಲರೂ ನಿಶ್ಚಿಂತೆಯಿಂದ ಹತ್ತಿರ ನಿಂತಿರುತ್ತಾರೆ.

ಎರಡನೆಯದು ಕಣ್ಣಿಗೆ ಕಾಣದೇ ಇರುವ ನೀರು. ತಾಮ್ರ, ಹಿತ್ತಾಳೆ, ಚಿನ್ನ, ಬೆಳ್ಳಿ ಕರಗಿಸುವಾಗ ಬೊರಾಕ್ಸ್ ಹಾಕುವುದು ರೂಢಿ. ನಮ್ಮ ಬಿಳಿಗಾರವೇ ಅದು. ಅಂಗಡಿಯಲ್ಲಿ ಸಿಗುವ ಸಾಮಾನ್ಯ ಬಿಳಿಗಾರದ ಹರಳಿನಲ್ಲಿ ತೂಕದ 47 ಶೇಕಡಾ ನೀರು. ಹೌದು, ಹತ್ತತ್ತಿರ ಅರ್ಧ. ಆ ನೀರು ಹರಳಿನ ಕಟ್ಟಡದಲ್ಲೇ ಸೇರಿಕೊಂಡಿದೆ. ಪುಡಿ ಬೆರಳಿಗೆ ಹಿಟ್ಟಿನ ಹಾಗೆ ಒಣಗಿಯೇ ಇರುತ್ತದೆ. ಅದನ್ನು ಮೂಸೆಗೆ ಹಾಕಿದಾಗ ಉಬ್ಬಿ ನೊರೆಯಾಗುವುದು ಆ ನೀರು ಬಿಟ್ಟುಹೋಗುವ ರೀತಿ. ಮೇಲೆ ಚಿಮುಕಿಸಿದರೆ ಉಬ್ಬಿ ಸುಮ್ಮನಾಗುತ್ತದೆ. ಹಿಡಿಯಷ್ಟು ಹಾಕಿ, ಸರಳಿನಿಂದ ಒಳಗೆ ತಿರುವಿದರೆ ಕಥೆ ಬೇರೆ. ಇದಕ್ಕೆಂದೇ ಮೊದಲೇ ಹುರಿದು ನೀರು ತೆಗೆದ ಬೊರಾಕ್ಸ್ ಸಿಗುತ್ತದೆ. ಅದನ್ನೂ ಡಬ್ಬದ ಮುಚ್ಚಳ ತೆರೆದಿಟ್ಟರೆ ಗಾಳಿಯ ತೇವ ಮತ್ತೆ ಹೀರುತ್ತದೆ.

ಪ್ಲಾಸ್ಟರ್ ಅಚ್ಚುಗಳ ಕಥೆಯೂ ಇದೇ. ಗಟ್ಟಿಯಾದ ಪ್ಲಾಸ್ಟರ್ ಅಂದರೆ ಜಿಪ್ಸಂ, ಅದರ ತೂಕದ ಸುಮಾರು 21 ಶೇಕಡಾ ನೀರು. ವಾರ ಬಿಸಿಲಲ್ಲಿಟ್ಟರೂ ಆ ನೀರು ಹೋಗುವುದಿಲ್ಲ, ಒಲೆಯಲ್ಲಿ ಸುಡಲೇಬೇಕು. ಕಾಂಕ್ರೀಟ್ ಕೂಡ ಇದೇ ಜಾತಿ. ವರ್ಷಗಳ ಹಿಂದೆ ಹಾಕಿದ, ಬೂದು ಬಣ್ಣಕ್ಕೆ ಒಣಗಿದ ನೆಲದೊಳಗೂ ನೀರಿದೆ. ಅದರ ಮೇಲೆ ಕರಗಿದ ಲೋಹ ಚೆಲ್ಲಿದರೆ ನೆಲದ ಚೂರುಗಳು ಲೋಹದ ಜೊತೆ ಹಾರುತ್ತವೆ. ಮೂಸೆ ಕೈಜಾರುವುದು ಮೊದಲ ಅಪಘಾತ, ನೆಲ ಸಿಡಿಯುವುದು ಎರಡನೆಯದು. ಸುರಿಯುವ ಜಾಗದಲ್ಲಿ ಒಣ ಮರಳಿನ ಹಾಸು ಇರಬೇಕು ಎನ್ನುವುದು ಇದಕ್ಕೇ.

ಮೂರನೆಯದು ನನಗೆ ಬಹಳ ವಿಚಿತ್ರ ಎನಿಸುವ ದಾರಿ. ಲ್ಯಾಡಲ್ಲು (ಕರಗಿದ ಲೋಹ ಸಾಗಿಸುವ ಪಾತ್ರೆ), ಸೌಟು, ಇಂಗಾಟ್ ಅಚ್ಚು ತಣ್ಣಗಿದ್ದರೆ ಗ್ಯಾಸ್ ಬರ್ನರ್ ಹಿಡಿದು ಕಾಯಿಸುತ್ತಾರೆ. ಒಳ್ಳೆಯ ಅಭ್ಯಾಸವೇ. ಆದರೆ 1 ಕಿಲೋ ಪ್ರೊಪೇನ್ ಉರಿದರೆ ಸುಮಾರು 1.6 ಕಿಲೋ ನೀರು ಹುಟ್ಟುತ್ತದೆ. ಅದು ಆವಿಯಾಗಿ ಜ್ವಾಲೆಯ ಜೊತೆ ಬಂದು, ತಣ್ಣಗಿನ ಕಬ್ಬಿಣಕ್ಕೆ ತಾಗಿ ಹನಿಗಟ್ಟುತ್ತದೆ. ಜ್ವಾಲೆ ತಾಗಿದ ಕೂಡಲೇ ಅಚ್ಚು ಬೆವರುವುದನ್ನು ನೋಡಿದವರು "ಒಳಗಿನ ತೇವ ಹೊರಗೆ ಬರ್ತಿದೆ" ಎನ್ನುವುದುಂಟು. ಬರುತ್ತಿರುವುದು ಒಳಗಿಂದಲ್ಲ, ಬೆಂಕಿಯಿಂದ. ಇನ್ನೂ ಕಾಯಿಸಿದರೆ ಬೆವರು ಆರಿ ಅಚ್ಚು ನಿಜವಾಗಿ ಒಣಗುತ್ತದೆ. ಅರ್ಧಕ್ಕೆ ನಿಲ್ಲಿಸಿದರೆ? ಒಣಗಿದ್ದ ಅಚ್ಚಿಗೆ ನಾವೇ ನೀರು ಹಚ್ಚಿದ ಹಾಗಾಯಿತು.

ಇನ್ನುಳಿದವು ಎಲ್ಲರಿಗೂ ಗೊತ್ತಿರುವಂಥವೇ: ಜಜ್ಜಿದ ಡಬ್ಬಿಯೊಳಗೆ ಉಳಿದ ಪಾನೀಯ, ಎರಡೂ ತುದಿ ಚಪ್ಪಟೆಯಾದ ಟ್ಯೂಬು, ಅಂಗಳದಲ್ಲಿಟ್ಟ ಬೇಲುಗಳು (ಒತ್ತಿ ಕಟ್ಟಿದ ಗುಜರಿಯ ಮೂಟೆಗಳು), ಲೋಹದ ಕಲ್ಮಶ ತೆಗೆಯಲು ಹಾಕುವ, ತೇವ ಹೀರುವ ಉಪ್ಪಿನ ಫ್ಲಕ್ಸ್, ತುಕ್ಕು ಹಿಡಿದ ಕಬ್ಬಿಣದ ಸರಳು. ತುಕ್ಕಿನಲ್ಲೂ ನೀರು ಸೇರಿಕೊಂಡಿರುತ್ತದೆ ಎಂಬುದನ್ನು ಮಾತ್ರ ಮರೆಯುವವರು ಜಾಸ್ತಿ.

ಅಲ್ಯೂಮಿನಿಯಂನ ಎರಡನೇ ಹೊಡೆತ

ಇಲ್ಲಿಯವರೆಗೆ ಹೇಳಿದ್ದು ನೀರು ಹಿಗ್ಗುವ ಕಥೆ. ಅದು ಸೀಸಕ್ಕೂ ಸರಿ, ಕಬ್ಬಿಣಕ್ಕೂ ಸರಿ. ಅಲ್ಯೂಮಿನಿಯಂ ಮತ್ತು ಮೆಗ್ನೀಸಿಯಂ ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತವೆ. ಅವು ನೀರಿನೊಳಗಿನ ಆಕ್ಸಿಜನ್ನನ್ನೇ ಕಿತ್ತುಕೊಳ್ಳುತ್ತವೆ. ಉಳಿಯುವುದು ಹೈಡ್ರೋಜನ್, ಅದು ಗಾಳಿ ಸಿಕ್ಕರೆ ಉರಿಯುತ್ತದೆ. ಕಿತ್ತುಕೊಳ್ಳುವಾಗಲೇ ಬಿಡುಗಡೆಯಾಗುವ ಶಾಖ ಅಗಾಧ. 1 ಕಿಲೋ ಅಲ್ಯೂಮಿನಿಯಂ ಪೂರ್ತಿಯಾಗಿ ನೀರಿನ ಜೊತೆ ಸೇರಿದರೆ ಬರುವ ಶಕ್ತಿ ಸುಮಾರು 3 ಕಿಲೋ ಟಿಎನ್‌ಟಿ ಎಂಬ ಸ್ಫೋಟಕಕ್ಕೆ ಸಮ. ಸಾಮಾನ್ಯವಾಗಿ ಹಾಗೆ ಪೂರ್ತಿ ಸೇರುವುದಿಲ್ಲ. ಲೋಹದ ಮೇಲೆ ಆಕ್ಸೈಡಿನ ಪೊರೆ ಕಟ್ಟಿ ತಡೆಯುತ್ತದೆ. ಆದರೆ ಆವಿಯ ಸಿಡಿತಕ್ಕೆ ಲೋಹ ಪುಡಿಪುಡಿಯಾದರೆ ಪೊರೆ ಕಟ್ಟಲು ಸಮಯವೇ ಇರುವುದಿಲ್ಲ.

ಅಮೆರಿಕದ ಅಲ್ಯೂಮಿನಿಯಂ ಅಸೋಸಿಯೇಷನ್ ಇಂಥ ಘಟನೆಗಳನ್ನು ಮೂರು ದರ್ಜೆಯಲ್ಲಿ ದಾಖಲಿಸುತ್ತದೆ. ಮೊದಲನೆಯದರಲ್ಲಿ ಲೋಹ ಸುಮಾರು 15 ಅಡಿಯೊಳಗೆ ಚಿಮ್ಮುತ್ತದೆ, ಎರಡನೆಯದರಲ್ಲಿ 50 ಅಡಿಯವರೆಗೆ. ಮೂರನೆಯದು ಮಹಾ ಸ್ಫೋಟ: ಕಣ್ಣು ಕುಕ್ಕುವ ಬೆಳಕು, ಕಟ್ಟಡಕ್ಕೆ ಹಾನಿ, ಆಮೇಲೆ ಎಲ್ಲೆಡೆ ಬಿಳಿ ಪುಡಿ. ಆ ಬಿಳಿ ಪುಡಿ ಸುಟ್ಟುಹೋದ ಅಲ್ಯೂಮಿನಿಯಂ. ಅದು ಬಿದ್ದಿದ್ದರೆ ರಸಾಯನಶಾಸ್ತ್ರ ಕೆಲಸ ಮಾಡಿದೆ ಎಂದರ್ಥ.

ಈ ವಿಷಯದಲ್ಲಿ ಹಳೆಯ ಒಂದು ಪ್ರಯೋಗ ನನಗೆ ಬಹಳ ಹಿಡಿಸಿತು. ಅಲ್ಯೂಮಿನಿಯಂ ದಿಮ್ಮಿಗಳನ್ನು ಎರಕ ಹೊಯ್ಯುವ ಒಂದು ವಿಧಾನದಲ್ಲಿ ನೀರಿನ ಹಳ್ಳದ ಮೇಲೆಯೇ ಕರಗಿದ ಲೋಹ ಇರುತ್ತದೆ. ಗಟ್ಟಿಯಾಗುತ್ತಿರುವ ದಿಮ್ಮಿಯ ಮೇಲೆ ನೀರು ಸುರಿಯುತ್ತಲೇ ಇರುತ್ತದೆ. ಅದರ ಚರ್ಮ ಹರಿದರೆ ಲೋಹ ಹಳ್ಳಕ್ಕೆ ಬೀಳುತ್ತದೆ. ಅಲ್ಕೋವಾ ಕಂಪನಿಯ ಜಾರ್ಜ್ ಲಾಂಗ್ 1950ರ ದಶಕದಲ್ಲಿ ಸುಮಾರು 23 ಕಿಲೋ ಕರಗಿದ ಅಲ್ಯೂಮಿನಿಯಂ ಅನ್ನು ಮತ್ತೆ ಮತ್ತೆ ನೀರಿನ ತೊಟ್ಟಿಗೆ ಬಿಟ್ಟು ನೋಡಿದರು. ಕೆಲವು ಸಲ ಸ್ಫೋಟ, ಕೆಲವು ಸಲ ಬರೀ ಬುಸ್ ಎಂಬ ಸದ್ದು. ವ್ಯತ್ಯಾಸ ಬಂದದ್ದು ತೊಟ್ಟಿಯ ತಳದಿಂದ! ತಳ ತುಕ್ಕು ಹಿಡಿದಿದ್ದರೆ, ಸುಣ್ಣ ಬಳಿದಿದ್ದರೆ ಸ್ಫೋಟ. ತಳಕ್ಕೆ ಗ್ರೀಸ್ ಅಥವಾ ಡಾಂಬರಿನಂಥ ಬಣ್ಣ ಬಳಿದಿದ್ದರೆ ಸ್ಫೋಟ ಇಲ್ಲ. ಲೋಹಕ್ಕೂ ತಳಕ್ಕೂ ನಡುವೆ ನೀರಿನ ತೆಳು ಪದರ ಸಿಕ್ಕಿಕೊಳ್ಳುವುದೇ ಕಿಡಿ ಎಂದು ಅವರು ತೀರ್ಮಾನಿಸಿದರು. ನೀರನ್ನು ಒಪ್ಪದ ಬಣ್ಣದ ಮೇಲೆ ಆ ಪದರ ನಿಲ್ಲುವುದಿಲ್ಲ. ಅಂದಿನಿಂದ ಎರಕದ ಹಳ್ಳಗಳಿಗೆ ಅಂಥ ಬಣ್ಣ ಬಳಿಯುವುದು ಸುರಕ್ಷತೆಯ ಭಾಗವಾಯಿತು. ಬಣ್ಣ ಕಿತ್ತುಬಂದ ಜಾಗ ನೋಡಿ ತೇಪೆ ಹಾಕುವುದು ಸಣ್ಣ ಕೆಲಸದ ಹಾಗೆ ಕಾಣುತ್ತದೆ, ಅಲ್ವಾ?

ನಾವೇ ತಂದಿಟ್ಟ ನೀರು

ಗುಜರಿಯ ಜೊತೆ ಬರುವ ನೀರು ಚಮಚದ ಲೆಕ್ಕದ್ದು. ತಂಪು ಮಾಡಲೆಂದು ನಾವೇ ಹರಿಸುವ ನೀರು ಟನ್ನುಗಳ ಲೆಕ್ಕದ್ದು. ಇಂಡಕ್ಷನ್ ಫರ್ನೇಸನ್ನೇ ನೋಡಿ. ಕರಗಿದ ಲೋಹದ ಸುತ್ತ ತಾಮ್ರದ ಕೊಳವೆ ಸುರುಳಿ ಸುತ್ತಿರುತ್ತದೆ, ಆ ಕೊಳವೆಯೊಳಗೆ ನೀರು ಓಡುತ್ತಿರುತ್ತದೆ. ಎರಡರ ನಡುವೆ ಇರುವುದು ಕೆಲವು ಸೆಂಟಿಮೀಟರ್ ದಪ್ಪದ ಲೈನಿಂಗ್, ಅಂದರೆ ಬಿಸಿ ತಡೆಯುವ ಒಳಪದರ. ಅದು ದಿನದಿನಕ್ಕೆ ಸವೆಯುತ್ತದೆ. ಲೋಹ ಬಿರುಕಿನಲ್ಲಿ ನುಸುಳಿ ಸುರುಳಿಯ ಕಡೆ ಬಂದರೆ ಎಚ್ಚರಿಸಲು ಅರ್ಥ್ ಲೀಕೇಜ್ ಅಲಾರಂ ಇರುತ್ತದೆ. ಅದು ಪದೇ ಪದೇ ಕೂಗುತ್ತದೆ, ಕೆಲಸ ನಿಲ್ಲುತ್ತದೆ ಎಂದು ಅದನ್ನು ಬಂದ್ ಮಾಡಿಟ್ಟರೆ ಏನಾಗುತ್ತದೆ ಎಂದು ಬಿಡಿಸಿ ಹೇಳಬೇಕಿಲ್ಲ.

1975ರ ನವೆಂಬರ್ 4ರ ನಸುಕಿನಲ್ಲಿ ಇಂಗ್ಲೆಂಡಿನ ಸ್ಕಂಥಾರ್ಪ್‌ನ ಉಕ್ಕಿನ ಕಾರ್ಖಾನೆಯಲ್ಲಿ ನಡೆದದ್ದು ಈ ಲೇಖನದ ಮೊದಲ ಭಾಗಕ್ಕೆ ಸಾಕ್ಷಿಯಂತಿದೆ. ಕ್ವೀನ್ ವಿಕ್ಟೋರಿಯಾ ಎಂಬ ಬ್ಲಾಸ್ಟ್ ಫರ್ನೇಸಿನಿಂದ (ಅದಿರಿನಿಂದ ಕಬ್ಬಿಣ ತೆಗೆಯುವ ಕುಲುಮೆ) ಸೋರಿದ ತಂಪಿನ ನೀರು, ಕರಗಿದ ಕಬ್ಬಿಣ ತುಂಬಿದ್ದ ಟಾರ್ಪಿಡೊ ಲ್ಯಾಡಲ್ಲಿಗೆ ಇಳಿಯಿತು. ಟಾರ್ಪಿಡೊ ಅಂದರೆ ಹಳಿಯ ಮೇಲೆ ಓಡುವ ಉದ್ದನೆಯ ಲೋಹದ ಪೀಪಾಯಿ. ನೀರು ಮೇಲೆ ನಿಂತಿದ್ದಷ್ಟು ಹೊತ್ತು ಸ್ಫೋಟವಾಗಲಿಲ್ಲ. ಅದನ್ನು ಅಲ್ಲಿಂದ ಸರಿಸಲು ಎಂಜಿನ್ ಎಳೆಯಿತು. ಲೋಹ ಅಲುಗಿತು, ನೀರು ಒಳಗೆ ಸೇರಿತು. ಹತ್ತಾರು ಟನ್ ಕಬ್ಬಿಣ ಚಿಮ್ಮಿತು. 11 ಜನ ಸತ್ತರು.

2001ರ ನವೆಂಬರ್ 8ರಂದು ವೇಲ್ಸಿನ ಪೋರ್ಟ್ ಟಾಲ್ಬಟ್‌ನಲ್ಲಿ 5ನೇ ನಂಬರ್ ಬ್ಲಾಸ್ಟ್ ಫರ್ನೇಸ್ ಸ್ಫೋಟಿಸಿತು. ತಂಪು ಮಾಡುವ ವ್ಯವಸ್ಥೆಯ ನೀರು ಒಳಗೆ ಸೇರಿ ಬಿಸಿ ವಸ್ತುವಿನ ಜೊತೆ ಬೆರೆತಿತ್ತು. ಸಾವಿರಾರು ಟನ್ ತೂಗುವ ಇಡೀ ಫರ್ನೇಸು ತನ್ನ ಪೀಠದಿಂದ ಸುಮಾರು ಮುಕ್ಕಾಲು ಮೀಟರ್ ಮೇಲೆದ್ದು ಕೂತಿತು. 3 ಜನ ಸತ್ತರು.

ಮೂರನೆಯದು ಅಮೆರಿಕದ ಲೂಯಿವಿಲ್, 2011ರ ಮಾರ್ಚ್ 21. ಕ್ಯಾಲ್ಸಿಯಂ ಕಾರ್ಬೈಡ್ ಮಾಡುವ ವಿದ್ಯುತ್ ಫರ್ನೇಸ್ ಸ್ಫೋಟಿಸಿ 2 ಜನ ಸತ್ತರು. ಮುಚ್ಚಳದ ತಂಪಿನ ನೀರು ಒಳಗೆ ಸೋರಿದ್ದೇ ಕಾರಣವಿರಬೇಕು ಎಂದು ಅಲ್ಲಿನ ರಾಸಾಯನಿಕ ಸುರಕ್ಷತಾ ಮಂಡಳಿಯ ತನಿಖೆ ಹೇಳಿತು. ಅದಕ್ಕೆ ಹಿಂದಿನ 5 ತಿಂಗಳಲ್ಲಿ ನೀರಿನ ಸೋರಿಕೆ ಸರಿಪಡಿಸಲು 26 ಸಲ ಕೆಲಸದ ಆದೇಶ ಹೊರಟಿತ್ತು. ಸಣ್ಣಪುಟ್ಟ ಸಿಡಿತಗಳು ಅಲ್ಲಿ ಮಾಮೂಲಾಗಿದ್ದವು. ಸತ್ತವರು ಇದ್ದದ್ದು ಫರ್ನೇಸಿಗೆ ಕೆಲವೇ ಅಡಿ ದೂರದ ನಿಯಂತ್ರಣ ಕೊಠಡಿಯಲ್ಲಿ. ನನಗೆ ಆ 26 ಎಂಬ ಅಂಕಿ ಉಳಿದದ್ದೆಲ್ಲಕ್ಕಿಂತ ಜಾಸ್ತಿ ಕಾಡುತ್ತದೆ. ಯಾರೂ ಕಣ್ಣು ಮುಚ್ಚಿ ಕೂತಿರಲಿಲ್ಲ. ಸೋರುವುದನ್ನು ನೋಡಿದ್ದರು, ಬರೆದಿದ್ದರು, ಸರಿಪಡಿಸಿದ್ದರು, ಮತ್ತೆ ಓಡಿಸಿದ್ದರು.

ಈಗ ಯಾಕೆ ಈ ಮಾತು

ಲೋಹದ ಮರುಬಳಕೆ ಒಳ್ಳೆಯ ಕೆಲಸ, ಅದರಲ್ಲಿ ಎರಡು ಮಾತಿಲ್ಲ. ಅದಿರಿನಿಂದ ಅಲ್ಯೂಮಿನಿಯಂ ತೆಗೆಯಲು ಬೇಕಾದ ಶಕ್ತಿಯ 5 ಶೇಕಡಾ ಇದ್ದರೆ ಸಾಕು, ಗುಜರಿಯನ್ನು ಕರಗಿಸಿ ಹೊಸದು ಮಾಡಬಹುದು. ಉಕ್ಕು ಕೂಡ ಹೊಗೆ ಕಡಿಮೆ ಮಾಡುವ ಹಾದಿಯಲ್ಲಿ ಗುಜರಿ ತಿನ್ನುವ ವಿದ್ಯುತ್ ಫರ್ನೇಸುಗಳ ಕಡೆ ಸರಿಯುತ್ತಿದೆ. ಆದರೆ ಅದಿರಿಗೂ ಗುಜರಿಗೂ ಒಂದು ವ್ಯತ್ಯಾಸವಿದೆ. ಗುಜರಿ ಎಲ್ಲೆಲ್ಲೋ ಬಿದ್ದಿದ್ದು, ಮಳೆಯಲ್ಲಿ ನೆಂದು, ಹತ್ತು ಕೈ ದಾಟಿ ಬರುತ್ತದೆ. ಒಳಗೆ ಏನಿದೆ ಎಂದು ಕಳಿಸಿದವನಿಗೂ ಗೊತ್ತಿರುವುದಿಲ್ಲ. ತೂಕದ ಮೇಲೆ ವ್ಯಾಪಾರ ನಡೆಯುವಲ್ಲಿ ನೀರಿಗೂ ಲೋಹದ ಬೆಲೆ ಸಿಗುತ್ತದೆ ಎಂಬುದೂ ಇದೆ. ಅಂಗಳಕ್ಕೆ ಒಂದು ಚಾವಣಿ ಹಾಕಿಸಿ ಎಂದು ಕೇಳಿದರೆ ಖರ್ಚಿನ ಮಾತು ಬರುತ್ತದೆ. ಅದೇ ನೀರಿನ ತೂಕಕ್ಕೆ ಕೊಡುವ ದುಡ್ಡು, ಅದನ್ನು ಆವಿ ಮಾಡಲು ಸುಡುವ ಇಂಧನ ಯಾವ ಲೆಕ್ಕದ ಪುಸ್ತಕದಲ್ಲೂ ಬೇರೆ ಸಾಲಾಗಿ ಕಾಣುವುದಿಲ್ಲ.

ಇನ್ನೊಂದು ಕಡೆ ಮನೆಯ ಹಿತ್ತಲಿನ ಎರಕ. ಚಿಕ್ಕ ಗ್ಯಾಸ್ ಕುಲುಮೆ, ಒಂದು ಗ್ರಾಫೈಟ್ ಮೂಸೆ, ಚೀಲ ತುಂಬ ಖಾಲಿ ಡಬ್ಬಿ ಇದ್ದರೆ ಯಾರು ಬೇಕಾದರೂ ಶುರು ಮಾಡಬಹುದು. ವಿಡಿಯೊ ನೋಡಿ ಕಲಿಯುತ್ತಾರೆ. ಕಲ್ಲಂಗಡಿ ಹಣ್ಣಿನೊಳಗೆ ಕರಗಿದ ಅಲ್ಯೂಮಿನಿಯಂ ಸುರಿಯುವ ವಿಡಿಯೊಗಳೂ ಓಡಾಡುತ್ತವೆ. ನೀರೇ ತುಂಬಿದ ಹಣ್ಣು, ಬುಸುಬುಸು ಹಬೆ, ಆದರೂ ಸ್ಫೋಟವಿಲ್ಲ. ಆವಿಗೆ ಮೇಲಿನ ತೂತು ಮತ್ತು ಮೆತ್ತಗಿನ ತಿರುಳು ದಾರಿ ಕೊಟ್ಟವು ಎಂದು ವಿಡಿಯೊ ಹೇಳುವುದಿಲ್ಲ. ಅದೇ ಹುಡುಗ ನಾಳೆ ಚಪ್ಪಲಿ ಹಾಕಿಕೊಂಡು, ಕಾಂಕ್ರೀಟ್ ನೆಲದ ಮೇಲೆ ನಿಂತು, ರಾತ್ರಿಯಿಡೀ ಹೊರಗಿದ್ದ ಕಬ್ಬಿಣದ ಅಚ್ಚಿಗೆ ಲೋಹ ಸುರಿಯುತ್ತಾನೆ. ಸಿಡಿಯದೇ ಹೋದ ಪ್ರಯೋಗಗಳಷ್ಟೇ ನಮ್ಮ ಪರದೆಗೆ ಬರುತ್ತವೆ.

ಏನು ಮಾಡಿದರೆ ಕೆಲಸ ಆಗುತ್ತದೆ

ಹೆಲ್ಮೆಟ್, ಮುಖದ ಗಾಜು, ಚರ್ಮದ ಕೈಗವಸು, ಲೇಸಿಲ್ಲದ ಬೂಟು, ಬೂಟಿನ ಮೇಲೆ ಇಳಿಬಿದ್ದ ಪ್ಯಾಂಟು ಎಲ್ಲವೂ ಬೇಕು. ಸಿಂಥೆಟಿಕ್ ಬಟ್ಟೆ ಬೇಡವೇ ಬೇಡ, ಅದು ಕರಗಿ ಚರ್ಮಕ್ಕೆ ಅಂಟುತ್ತದೆ. ಆದರೆ ಇವೆಲ್ಲ ಹನಿಗಳಿಂದ ಕಾಪಾಡುವಂಥವು. ಒಂದು ಮೂಸೆ ಪೂರ್ತಿ ಮೈಮೇಲೆ ಬಂದರೆ ಯಾವ ಅಂಗಿಯೂ ಸಾಲದು. ಹಾಗಾಗಿ ನಾನು ದೂರಕ್ಕೆ ಜಾಸ್ತಿ ಅಂಕ ಕೊಡುತ್ತೇನೆ. ಚಾರ್ಜ್, ಅಂದರೆ ಕರಗಿಸುವ ಮಾಲು, ಹಾಕುವ ಆ ಒಂದು ನಿಮಿಷ ಫರ್ನೇಸ್ ಬಾಯಿಯ ಎದುರು ಯಾರೂ ಇರದ ಹಾಗೆ ಮಾಡಿದರೆ, ಉದ್ದ ಕೈಯ ಯಂತ್ರದಿಂದ ಅಥವಾ ನಡುಗುವ ತಟ್ಟೆಯಿಂದ ಹಾಕಿದರೆ, ಸ್ಫೋಟವಾದರೂ ಹಾರುವುದು ಲೋಹ ಮಾತ್ರ.

ಹಾಕುವ ಕ್ರಮವೂ ಮುಖ್ಯ. ಅನುಮಾನವಿರುವ ಗುಜರಿಯನ್ನು ಖಾಲಿ, ತಣ್ಣನೆಯ ಫರ್ನೇಸಿಗೆ ಮೊದಲೇ ಹಾಕಿ, ನಿಧಾನವಾಗಿ ಬಿಸಿ ಏರಿಸಿದರೆ ನೀರು ತಾನಾಗಿ ಆರಿಹೋಗುತ್ತದೆ. ಲೋಹ ಕರಗುವ ಹೊತ್ತಿಗೆ ನೀರು ಉಳಿದಿರುವುದಿಲ್ಲ. ಅದೇ ಗುಜರಿಯನ್ನು ಅರ್ಧ ತುಂಬಿದ ಕರಗಿದ ಲೋಹಕ್ಕೆ ಹಾಕಿದರೆ ಮುಳುಗುತ್ತದೆ. ಮಧ್ಯಾಹ್ನ ಫರ್ನೇಸ್ ಬಿಸಿಯಾಗಿರುವಾಗ "ಇನ್ನೊಂದಿಷ್ಟು ತುಂಬಿಸಿ" ಎನ್ನುವ ಒತ್ತಡ ಬರುವುದು ಈ ಎರಡನೆಯ ಸ್ಥಿತಿಯಲ್ಲೇ. ಮುಚ್ಚಿದ ಪಾತ್ರೆ, ಟ್ಯೂಬುಗಳನ್ನು ಮೊದಲೇ ಚೂರು ಮಾಡಿದರೆ ಒಳಗೆ ನೀರು ನಿಲ್ಲಲು ಜಾಗವೇ ಇರುವುದಿಲ್ಲ. ಚೂರುಗಳ ಮೇಲೆ ತೇವ ಇರಬಹುದು, ಸಿಕ್ಕಿಕೊಂಡ ತೇವ ಇರುವುದಿಲ್ಲ. ಹೊಸ ಲೈನಿಂಗ್, ಹೊಸ ಮೂಸೆಗಳಿಗೂ ಇದೇ ನಿಧಾನದ ಬಿಸಿ ಬೇಕು.

ಬೆಂಕಿ ಹತ್ತಿದಾಗ ನೀರಿನ ಪೈಪ್ ಹಿಡಿದು ಓಡಿ ಬರುವುದು ಮನುಷ್ಯನ ಸಹಜ ಬುದ್ಧಿ. ಇಲ್ಲಿ ಅದನ್ನೇ ಮಾಡಬಾರದು. ಒಣ ಮರಳು, ಲೋಹದ ಬೆಂಕಿಗೆಂದೇ ಮಾಡಿದ ಒಣ ಪುಡಿ ಕೈಗೆ ಸಿಗುವ ಹಾಗಿರಬೇಕು. ಮರಳಿನ ಡಬ್ಬಕ್ಕೆ ಮುಚ್ಚಳವೂ ಇರಬೇಕು!

ಸುರಕ್ಷತೆಗೆ ಸಮಯವಿಲ್ಲ ಎನ್ನುವ ಮಾಲೀಕರಿಗೆ ಹೇಳಬಹುದಾದ ಇನ್ನೊಂದು ಮಾತಿದೆ. ಸ್ಫೋಟಿಸದ ತೇವವೂ ನಷ್ಟವೇ. ಅಲ್ಯೂಮಿನಿಯಂ ನೀರಿನಿಂದ ಬಿಡಿಸಿದ ಹೈಡ್ರೋಜನ್ ಕರಗಿದ ಲೋಹದಲ್ಲಿ ಸೇರಿಕೊಳ್ಳುತ್ತದೆ. ಲೋಹ ಗಟ್ಟಿಯಾದಾಗ ಅದರಲ್ಲಿ ಹಿಡಿಯುವ ಹೈಡ್ರೋಜನ್ ಮೊದಲಿನ ಸುಮಾರು 20ರಲ್ಲಿ 1 ಪಾಲು ಮಾತ್ರ. ಉಳಿದದ್ದು ಗುಳ್ಳೆಯಾಗಿ ಎರಕದೊಳಗೆ ಕೂರುತ್ತದೆ. ಎರಕದಲ್ಲಿ ಸೂಜಿ ತೂತುಗಳು ಜಾಸ್ತಿಯಾಗಿ ಮಾಲು ವಾಪಸ್ ಬರುತ್ತಿದೆ ಎಂದಾದರೆ ಎಲ್ಲೋ ತೇವ ಒಳಗೆ ಹೋಗುತ್ತಿರಬಹುದು. ಗುಣಮಟ್ಟ ನೋಡುವವರು ಮತ್ತು ಸುರಕ್ಷತೆ ನೋಡುವವರು ಬೇರೆ ಬೇರೆ ಕೋಣೆಯಲ್ಲಿ ಕೂತು ಒಂದೇ ನೀರನ್ನು ಹುಡುಕುತ್ತಿರುತ್ತಾರೆ.

ನಕ್ಷೆಯಲ್ಲಿ ಇಲ್ಲದ ತೂತು

ಕೊನೆಗೆ ಗ್ಯಾಲ್ವನೈಸಿಂಗ್. ಕಬ್ಬಿಣದ ಗೇಟು, ಕಂಬಿ, ಚೌಕಟ್ಟುಗಳನ್ನು ತುಕ್ಕು ಹಿಡಿಯದ ಹಾಗೆ 450 ಡಿಗ್ರಿಯ ಕರಗಿದ ಸತುವಿನಲ್ಲಿ ಅದ್ದಿ ತೆಗೆಯುತ್ತಾರೆ. ಅದಕ್ಕೂ ಮುಂಚೆ ಆಮ್ಲದಲ್ಲಿ, ನೀರಿನಲ್ಲಿ, ಫ್ಲಕ್ಸಿನಲ್ಲಿ ಮುಳುಗಿಸಿರುತ್ತಾರೆ. ಚೌಕಟ್ಟು ಪೈಪಿನದಾಗಿದ್ದು, ಬೆಸುಗೆ ಹಾಕುವಾಗ ಎರಡೂ ತುದಿ ಮುಚ್ಚಿಹೋಗಿದ್ದರೆ? ಒಳಗೆ ಬರೀ ಒಣ ಗಾಳಿ ಇದ್ದರೆ ಒತ್ತಡ ಏರುವುದು ಎರಡೂವರೆ ಪಟ್ಟಿನಷ್ಟು. ಪೈಪ್ ತಡೆಯುತ್ತದೆ. ಬೆಸುಗೆಯ ಸೂಜಿ ತೂತಿನಿಂದ ನೀರು ಒಳಗೆ ಹೋಗಿದ್ದರೆ ಲೆಕ್ಕ ಬದಲಾಗುತ್ತದೆ. 250 ಡಿಗ್ರಿಗೇ ಆ ನೀರಿನ ಆವಿಯ ಒತ್ತಡ ವಾತಾವರಣದ 40 ಪಟ್ಟು. ನೀರು ಸಾಕಷ್ಟಿದ್ದರೆ 374 ಡಿಗ್ರಿಗೆ ಸುಮಾರು 220 ಪಟ್ಟು. ಸತುವಿನ ತೊಟ್ಟಿ ಅದಕ್ಕಿಂತಲೂ ಬಿಸಿ.

ಇದಕ್ಕೆ ಮದ್ದು ಸರಳ. ಪೈಪಿನ ಎರಡೂ ಕೊನೆಯಲ್ಲಿ ತೂತು ಕೊರೆಯಬೇಕು, ಒಂದು ಗಾಳಿ ಹೋಗಲು, ಇನ್ನೊಂದು ಸತು ಇಳಿಯಲು. ಡ್ರಿಲ್ಲಿಗೆ ಒಂದೆರಡು ನಿಮಿಷದ ಕೆಲಸ. ಆದರೆ ಆ ತೂತು ಎಲ್ಲಿರಬೇಕು ಎಂದು ಬರೆಯಬೇಕಾದವರು ನಕ್ಷೆ ಮಾಡುವವರು. ಅವರು ಕೂತಿರುವುದು ಬೇರೆ ಊರಿನಲ್ಲಿ. ಸತುವಿನ ತೊಟ್ಟಿಯನ್ನು ಅವರು ಎಂದೂ ನೋಡಿರದೇ ಇರಬಹುದು, ಅವರ ಕಣ್ಣಿಗೆ ಆ ತೂತು ಚೌಕಟ್ಟಿನ ಅಂದ ಕೆಡಿಸುವ ಗುರುತು. ತೊಟ್ಟಿಯ ಪಕ್ಕ ನಿಂತವನಿಗೆ ತೂತು ಇಲ್ಲ ಎಂಬುದು ಕ್ರೇನ್ ಎತ್ತುವಾಗ ಗೊತ್ತಾಗುತ್ತದೆ. ಅವನು ಮಾಲನ್ನು ವಾಪಸ್ ಕಳಿಸಬಹುದು, ಇಲ್ಲವೇ ತಾನೇ ಡ್ರಿಲ್ ಹಿಡಿಯಬಹುದು. ಎರಡಕ್ಕೂ ಅವನಿಗೆ ಯಾರನ್ನೂ ಕೇಳದೆ ಕ್ರೇನ್ ನಿಲ್ಲಿಸುವ ಅಧಿಕಾರ ಇರಬೇಕು.